ಆ ಚಿಪ್‌ಗೆ ಕನ್ನಡ ಬರುತ್ತಾ?

ಪ್ರಶ್ನೆ: ನಮ್ಮ ತಂದೆಗೆ 58 ವರ್ಷ. ಸಾಗರದ ಹತ್ತಿರ ಅಡಿಕೆ ತೋಟ ಇದೆ. ಒಂಬತ್ತು ತಿಂಗಳ ಹಿಂದೆ ಮೋಟಾರ್ ನ್ಯೂರಾನ್ ಕಾಯಿಲೆ ಅಂತ ಗೊತ್ತಾಯಿತು. ಈಗ ಬಲಗೈಯಲ್ಲಿ ಚಮಚ ಹಿಡಿಯಲು ಆಗುತ್ತಿಲ್ಲ. ಮಾತು ತೊದಲುತ್ತದೆ. ಸಂಜೆಯಾದರೆ ಮನೆಯವರಿಗೆ ಮಾತ್ರ ಅರ್ಥವಾಗುತ್ತದೆ. ಅಮೆರಿಕದಲ್ಲಿರುವ ಅಣ್ಣ ಮಿದುಳಿಗೆ ಚಿಪ್ ಹಾಕಿ ಮಾತಾಡಿಸುವ ವಿಡಿಯೊ ಕಳಿಸಿದ್ದಾನೆ. ಒಂದು ಸೈಟ್ ಮಾರಿದರೆ ದುಡ್ಡು ಹೊಂದಿಸಬಹುದು. ಅಲ್ಲಿಗೆ ಕರೆದುಕೊಂಡು ಹೋಗೋಣವೇ? ಇಲ್ಲವೇ ಆನ್‌ಲೈನ್‌ನಲ್ಲಿ ಸಿಗುವ, ತಲೆಗೆ ಹಾಕುವ ಬ್ಯಾಂಡ್ ತರಿಸೋಣವೇ? ಅದು ಮನಸ್ಸಿನಲ್ಲಿ ಇರೋದನ್ನೆಲ್ಲ ಓದಿಬಿಡುತ್ತದೆ ಅಂತ ಅಮ್ಮನಿಗೆ ಹೆದರಿಕೆ. ಅಪ್ಪ ವಿಡಿಯೊ ನೋಡಿ ಕೇಳಿದ್ದು ಒಂದೇ ಮಾತು: "ಅದಕ್ಕೆ ಕನ್ನಡ ಬರುತ್ತಾ?"

ಉತ್ತರ: ನಾಲ್ಕು ಪ್ರಶ್ನೆ ಕೇಳಿದ್ದೀರಿ. ಎಲ್ಲಕ್ಕಿಂತ ಚುರುಕಾದ ಪ್ರಶ್ನೆ ನಿಮ್ಮ ತಂದೆಯದ್ದು. ಅದಕ್ಕೆ ಬರುತ್ತೇನೆ. ಮೊದಲು ಸೈಟ್ ವಿಷಯ ಮುಗಿಸೋಣ, ಯಾಕೆಂದರೆ ಇಂಥ ನಿರ್ಧಾರ ಭಾನುವಾರ ರಾತ್ರಿಯ ಒಂದು ಫೋನ್ ಕಾಲ್‌ನಲ್ಲಿ ಆಗಿಹೋಗಿರುತ್ತದೆ. ದಯವಿಟ್ಟು ಮಾರಬೇಡಿ.

ಮಾತಿಗಾಗಿ ಮಿದುಳಿನಲ್ಲಿ ಇಡುವ ಚಿಪ್ ಇನ್ನೂ ಸಂಶೋಧನೆಯ ಹಂತದಲ್ಲಿದೆ. ದುಡ್ಡು ಕಟ್ಟಿ ಮಾಡಿಸಿಕೊಳ್ಳುವ ಆಪರೇಷನ್ ಆಗಿ ಅದು ಬಂದಿಲ್ಲ. ವಿಡಿಯೊಗಳಲ್ಲಿ ಕಾಣುವವರೆಲ್ಲ ಪ್ರಯೋಗಕ್ಕೆ ಒಪ್ಪಿ ಸೇರಿದವರು. ಸೇರಿಸಿಕೊಳ್ಳಲು ಷರತ್ತುಗಳೂ ಜಾಸ್ತಿ. ಬ್ರೇನ್‌ಗೇಟ್ ಅನ್ನುವುದು ಅಮೆರಿಕದ ಹಳೆಯ, ದೊಡ್ಡ ಪ್ರಯೋಗ. ಅದರಲ್ಲಿ ಸಂಶೋಧನಾ ಕೇಂದ್ರದಿಂದ ಸುಮಾರು ಮೂರು ಗಂಟೆ ದಾರಿಯೊಳಗೆ ಮನೆ ಇರಬೇಕು ಅನ್ನುವುದೂ ಒಂದು ಷರತ್ತು. ಯಾಕೆಂದರೆ ಎಂಜಿನಿಯರುಗಳು ತಿಂಗಳುಗಟ್ಟಲೆ, ವರ್ಷಗಟ್ಟಲೆ ಮನೆಗೇ ಬಂದು ಕೂತು ಕೆಲಸ ಮಾಡುತ್ತಾರೆ. ವೀಸಾ ಮಾಡಿಸಿ ಹೋಗಿ ಆರು ವಾರ ಇದ್ದು ಬರುವ ಕೆಲಸವಲ್ಲ ಇದು. ನ್ಯೂರಾಲಿಂಕ್ ಕಂಪನಿ 2024ರ ಜನವರಿಯಲ್ಲಿ ಮೊದಲ ಮನುಷ್ಯನಿಗೆ ಚಿಪ್ ಇಟ್ಟಿತು. ಆಮೇಲೆ ಕೆನಡಾ, ಬ್ರಿಟನ್, ಯುಎಇಗಳಲ್ಲೂ ಪ್ರಯೋಗ ಶುರು ಮಾಡಿತು. ಅಲ್ಲೂ ಇದೇ ಕಥೆ: ಆಯ್ಕೆ ಮಾಡುವವರು ಅವರು, ದುಡ್ಡು ಕೊಟ್ಟು ಜಾಗ ಹಿಡಿಯಲು ಬರುವುದಿಲ್ಲ. "ಇಷ್ಟು ಲಕ್ಷ ಕೊಡಿ, ಟ್ರಯಲ್‌ನಲ್ಲಿ ಸೀಟು ಕೊಡಿಸ್ತೀವಿ" ಅಂತ ಯಾರಾದರೂ ಅಂದರೆ ಮಾತು ಮುಂದುವರಿಸದೆ ಫೋನ್ ಇಟ್ಟುಬಿಡಿ.

ಹಾಗಂತ ನಿಮ್ಮ ಅಣ್ಣ ಕಳಿಸಿದ ವಿಡಿಯೊ ಸುಳ್ಳಲ್ಲ. ಅದರಲ್ಲಿ ಆಗುತ್ತಿರುವುದು ಏನು ಅಂತ ಹೇಳುತ್ತೇನೆ. ಅದು ಗೊತ್ತಾದರೆ ಅಮ್ಮನ ಹೆದರಿಕೆಗೂ ಅರ್ಧ ಉತ್ತರ ಸಿಗುತ್ತದೆ.

ಮಲೆನಾಡಿನವರಿಗೆ ಇದನ್ನು ವಿವರಿಸುವುದು ಸುಲಭ. ಮಳೆಗಾಲದಲ್ಲಿ ಕರೆಂಟ್ ಹೋದಾಗ ಲೈನ್‌ಮನ್ ಏನು ಹೇಳುತ್ತಾರೆ? "ಸಬ್‌ಸ್ಟೇಷನ್‌ನಲ್ಲಿ ಕರೆಂಟ್ ಇದೆ, ಲೈನ್ ಮೇಲೆ ಮರ ಬಿದ್ದಿದೆ." ನಿಮ್ಮ ತಂದೆಯ ಕಾಯಿಲೆಯೂ ಹೆಚ್ಚುಕಡಿಮೆ ಹಾಗೇ. ಅಮೆರಿಕದವರು ಇದನ್ನು ಎಎಲ್‌ಎಸ್ ಅನ್ನುತ್ತಾರೆ. ಮಿದುಳಿನಿಂದ ಸ್ನಾಯುಗಳಿಗೆ ಸುದ್ದಿ ಒಯ್ಯುವ ನರಕೋಶಗಳು ಒಂದೊಂದಾಗಿ ಸಾಯುತ್ತವೆ. ಸಬ್‌ಸ್ಟೇಷನ್‌ಗೂ ಸ್ವಲ್ಪ ಪೆಟ್ಟು ಬೀಳುತ್ತದೆ, ನಿಜ. ಆದರೆ ಅವರು "ನೀರು" ಅನ್ನಲು ಹೊರಟಾಗ ನಾಲಿಗೆ, ತುಟಿ, ದವಡೆಗೆ ಅಪ್ಪಣೆ ಕೊಡುವ ಜಾಗ ಈಗಲೂ ಮಿಡಿಯುತ್ತದೆ. ಅಪ್ಪಣೆ ಹೊರಡುತ್ತದೆ, ನಾಲಿಗೆಗೆ ತಲುಪುವುದಿಲ್ಲ. ಚಿಪ್ ಮಾಡುವುದು ಇಷ್ಟೇ: ಕಡಿದ ಲೈನನ್ನು ಬಿಟ್ಟು ಸಬ್‌ಸ್ಟೇಷನ್ ಬಾಗಿಲಲ್ಲೇ ಅಪ್ಪಣೆಯನ್ನು ಕೇಳಿಸಿಕೊಳ್ಳುತ್ತದೆ.

ಈ ಕ್ಷೇತ್ರದಲ್ಲಿ ಬಹುಕಾಲ ಬಳಕೆಯಲ್ಲಿರುವ ಚಿಪ್ ಕಡಲೆಕಾಳಿಗಿಂತ ಚಿಕ್ಕದು. ಒಂದೊಂದು ಬದಿಯೂ ನಾಲ್ಕು ಮಿಲಿಮೀಟರು. ಅದರ ತುಂಬ ಬಾಚಣಿಗೆಯ ಹಲ್ಲಿನಂಥ ಸಣ್ಣ ಮುಳ್ಳುಗಳು. 2004ರಲ್ಲಿ ಬ್ರೇನ್‌ಗೇಟ್ ಪ್ರಯೋಗದಲ್ಲಿ ಮ್ಯಾಟ್ ನೇಗಲ್ ಎಂಬ ಯುವಕನಿಗೆ ಇಂಥ 96 ಮುಳ್ಳಿನ ಚಿಪ್ ಇಟ್ಟರು. ಚಾಕು ಇರಿತದಿಂದ ಅವನ ಕುತ್ತಿಗೆಯಿಂದ ಕೆಳಗೆ ಸ್ವಾಧೀನ ಇರಲಿಲ್ಲ. ಅವನು ಕಂಪ್ಯೂಟರ್ ಪರದೆಯ ಬಾಣವನ್ನು ಮನಸ್ಸಿನಿಂದಲೇ ಓಡಿಸಿದ. ಆಗ ಅದೇ ದೊಡ್ಡ ಸುದ್ದಿ.

ಮಾತಿನ ವಿಷಯದಲ್ಲಿ ದೊಡ್ಡ ನೆಗೆತ ಆಗಿದ್ದು 2023ರಿಂದ ಈಚೆಗೆ. ಆ ವರ್ಷ ಸ್ಟ್ಯಾನ್‌ಫರ್ಡ್‌ನ ತಂಡ ನಿಮಿಷಕ್ಕೆ 62 ಪದ ಮುಟ್ಟಿತು. ಆದರೆ ನೂರಕ್ಕೆ ಸುಮಾರು 24 ಪದ ತಪ್ಪುತ್ತಿದ್ದವು. ನಿಮ್ಮ ಅಣ್ಣ ಕಳಿಸಿದ್ದು ಬಹುಶಃ ಇದರ ಮುಂದಿನ ಕಥೆ, ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ್ದು. ಕೇಸಿ ಹ್ಯಾರೆಲ್ ಎಂಬವರಿಗೆ ನಿಮ್ಮ ತಂದೆಯದೇ ಕಾಯಿಲೆ. 2023ರ ಜುಲೈನಲ್ಲಿ ಅವರ ಮಿದುಳಿನ ಎಡಭಾಗದಲ್ಲಿ ನಾಲ್ಕು ಚಿಪ್ ಇಟ್ಟರು, ಒಟ್ಟು 256 ಮುಳ್ಳು. ಆಪರೇಷನ್ ಆಗಿ 25 ದಿನಕ್ಕೆ ಯಂತ್ರ ಹಚ್ಚಿದರು. ಅರ್ಧ ಗಂಟೆ ಕಲಿಸಿದ ಮೇಲೆ 50 ಪದಗಳ ಪುಟ್ಟ ಪಟ್ಟಿಯಲ್ಲಿ ಅದು ತಪ್ಪಿದ್ದು ನೂರಕ್ಕೆ ಒಂದಕ್ಕಿಂತ ಕಡಿಮೆ. ಎರಡನೇ ದಿನ ಪಟ್ಟಿಯನ್ನು 1,25,000 ಪದಗಳಿಗೆ ಏರಿಸಿದರು. ಆಮೇಲಿನ ತಿಂಗಳುಗಳಲ್ಲಿ ನೂರಕ್ಕೆ 97 ಪದ ಸರಿ ಬಂತು. ವೇಗ ನಿಮಿಷಕ್ಕೆ ಸುಮಾರು 32 ಪದ. ಇಂಗ್ಲಿಷಿನಲ್ಲಿ ಆರಾಮವಾಗಿ ಮಾತಾಡುವವರ ವೇಗ 150-160 ಇರುತ್ತದೆ ಅಂದುಕೊಳ್ಳಿ.

ಈ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ 97 ಅಲ್ಲ. ಯಂತ್ರ ಓದಿ ಹೇಳಿದ ದನಿ ಹ್ಯಾರೆಲ್ ಅವರದೇ ಆಗಿತ್ತು. ಕಾಯಿಲೆ ಬರುವ ಮೊದಲಿನ ಅವರ ರೆಕಾರ್ಡಿಂಗ್‌ಗಳು ಉಳಿದಿದ್ದವು. ಅದರಿಂದ ದನಿಯನ್ನು ಮತ್ತೆ ಕಟ್ಟಿದರು. ಈ ಮಾತನ್ನು ನೆನಪಿನಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನು ವಿಡಿಯೊದಲ್ಲಿ ಕಾಣದ ಸಂಗತಿಗಳು. ನ್ಯೂರಾಲಿಂಕ್‌ನ ಮೊದಲ ವ್ಯಕ್ತಿ ನೋಲ್ಯಾಂಡ್ ಆರ್ಬಾ ಅವರ ಮಿದುಳಿಗೆ 64 ಎಳೆ ಹೊಲಿದಿದ್ದರು, 1,024 ಬಿಂದುಗಳಲ್ಲಿ ಸಂಕೇತ ಹಿಡಿಯಲು. ಕೆಲವೇ ವಾರಗಳಲ್ಲಿ ಬಹಳಷ್ಟು ಎಳೆಗಳು ಹಿಂದಕ್ಕೆ ಸರಿದವು. ಕಂಪನಿಯವರು ಸಾಫ್ಟ್‌ವೇರ್ ತಿದ್ದಿ ಅದನ್ನು ಮತ್ತೆ ದಾರಿಗೆ ತಂದರು. ಸಿಂಕ್ರಾನ್ ಎಂಬ ಇನ್ನೊಂದು ಕಂಪನಿ ತಲೆಬುರುಡೆ ತೆರೆಯದೆ ಕುತ್ತಿಗೆಯ ರಕ್ತನಾಳದ ಮೂಲಕ ಜಾಲರಿ ತೂರಿಸುತ್ತದೆ. ಅಪಾಯ ಕಡಿಮೆ, ಆದರೆ ಬಿಂದುಗಳು ಬರೀ 16. ಅದರಿಂದ ಕ್ಲಿಕ್ ಮಾಡಬಹುದು, ಮಾತು ಹಿಡಿಯುವುದು ದೂರದ ಮಾತು. ಮತ್ತೆ ಕಂಪನಿಯೇ ಕೈಬಿಟ್ಟರೆ? ಸೆಕೆಂಡ್ ಸೈಟ್ ಎಂಬ ಅಮೆರಿಕದ ಕಂಪನಿ ಕಣ್ಣು ಕಳೆದುಕೊಂಡವರ ಅಕ್ಷಿಪಟಲದ ಮೇಲೆ ಆರ್ಗಸ್ ಅನ್ನುವ ಯಂತ್ರ ಇಡುತ್ತಿತ್ತು. ಪ್ರಪಂಚದಲ್ಲಿ ಸುಮಾರು 350 ಜನ ಹಾಕಿಸಿಕೊಂಡಿದ್ದರು. ಕಂಪನಿ ನಷ್ಟಕ್ಕೆ ಬಿದ್ದು 2020ರ ಹೊತ್ತಿಗೆ ಅದನ್ನು ಕೈಬಿಟ್ಟಿತು. ಕಣ್ಣೊಳಗೆ ಯಂತ್ರ ಹಾಗೇ ಇತ್ತು, ರಿಪೇರಿ ಮಾಡುವವರು ಇರಲಿಲ್ಲ. ಪಂಪ್‌ಸೆಟ್ ಕಂಪನಿ ಮುಚ್ಚಿದರೆ ಬೇರೆ ಪಂಪು ತರಬಹುದು. ತಲೆಯೊಳಗಿನದನ್ನು ಏನು ಮಾಡೋದು?

ಅಮ್ಮನ ಹೆದರಿಕೆ. ಅದು ಸುಮ್ನೆ ಹುಟ್ಟಿದ ಹೆದರಿಕೆಯಲ್ಲ. ಈ ಚಿಪ್‌ಗಳು ಹಿಡಿಯುವುದು ಯೋಚನೆಯನ್ನಲ್ಲ, ಮಾತಾಡಲು ಮಾಡಿದ ಪ್ರಯತ್ನವನ್ನು. ಹ್ಯಾರೆಲ್ ನಾಲಿಗೆ ತುಟಿ ಆಡಿಸಲು ಯತ್ನಿಸಿದಾಗ ಮಾತ್ರ ಅಕ್ಷರ ಮೂಡುತ್ತಿತ್ತು. ಆದರೆ 2025ರ ಆಗಸ್ಟ್‌ನಲ್ಲಿ ಸ್ಟ್ಯಾನ್‌ಫರ್ಡ್‌ನವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಬಾಯಿ ಆಡಿಸದೆ ಮನಸ್ಸಿನಲ್ಲೇ ಅಂದುಕೊಂಡ ವಾಕ್ಯವನ್ನೂ ಒಂದು ಮಟ್ಟಕ್ಕೆ ಗುರುತಿಸಬಹುದು ಅಂತ ತೋರಿಸಿದರು. ಅದೇ ಪ್ರಬಂಧದಲ್ಲಿ ಬೀಗವನ್ನೂ ಇಟ್ಟರು: ಒಂದು ಗುಟ್ಟಿನ ಪದಗುಚ್ಛವನ್ನು ಮನಸ್ಸಿನಲ್ಲಿ ಅಂದುಕೊಂಡರೆ ಮಾತ್ರ ಯಂತ್ರ ಕೇಳಿಸಿಕೊಳ್ಳಲು ಶುರು ಮಾಡುತ್ತದೆ. ಆ ಬೀಗ ನೂರಕ್ಕೆ 98 ಸಲ ಸರಿಯಾಗಿ ಕೆಲಸ ಮಾಡಿತು. ಅಂದರೆ ಅಮ್ಮನಿಗೆ ಬಂದ ಪ್ರಶ್ನೆ ವಿಜ್ಞಾನಿಗಳಿಗೂ ಬಂದಿದೆ. ಇದನ್ನು ಅವರಿಗೆ ಹೇಳಿ, ಖುಷಿಪಡಬಹುದು.

ಬ್ಯಾಂಡ್ ವಿಷಯ ಇದಕ್ಕಿಂತ ಬೇರೆ. ಅದು ನೆತ್ತಿಯ ಚರ್ಮದ ಮೇಲಿಂದ ಮಿದುಳಿನ ವಿದ್ಯುತ್ತನ್ನು ಅಳೆಯುತ್ತದೆ. ಇದನ್ನೇ ಇಇಜಿ ಅನ್ನುವುದು. ಹನ್ಸ್ ಬರ್ಗರ್ ಎಂಬ ಜರ್ಮನ್ ವೈದ್ಯರು 1924ರಲ್ಲಿ ಮೊದಲ ಬಾರಿಗೆ ಮನುಷ್ಯರಲ್ಲಿ ಇದನ್ನು ದಾಖಲಿಸಿದರು. ತಲೆಬುರುಡೆಯ ಹೊರಗಿನಿಂದ ಕೇಳುವುದು ಅಂದರೆ ಗುಡ್ಡದ ಆಚೆ ಜಾತ್ರೆ ಕೇಳಿದ ಹಾಗೆ. ತೇರು ಎಳೆದಾಗ ಎದ್ದ ಕೂಗು ಗೊತ್ತಾಗುತ್ತದೆ. ಬಳೆ ಅಂಗಡಿಯಲ್ಲಿ ಯಾರು ಏನು ಚೌಕಾಸಿ ಮಾಡಿದರು ಅಂತ ಗೊತ್ತಾಗುವುದಿಲ್ಲ. ಆ "ಕೂಗ"ನ್ನೇ ಬಳಸಿ 1988ರಲ್ಲಿ ಒಂದು ಉಪಾಯ ಮಾಡಿದರು. ಪರದೆಯ ಮೇಲೆ 36 ಮನೆಗಳ ಚೌಕ, ಅಕ್ಷರಗಳ ಸಾಲುಗಳು ಮಿನುಗುತ್ತವೆ. ನಮಗೆ ಬೇಕಾದ ಅಕ್ಷರ ಮಿನುಗಿದಾಗ ಸುಮಾರು 300 ಮಿಲಿಸೆಕೆಂಡಿನ ನಂತರ ಮಿದುಳು "ಇದೇ" ಅನ್ನುವ ಹಾಗೆ ಒಂದು ಅಲೆ ಎಬ್ಬಿಸುತ್ತದೆ. ನಿಜಕ್ಕೂ ಕೆಲಸ ಮಾಡುತ್ತದೆ. ಆದರೆ ಟೋಪಿ, ಜೆಲ್, ಅಲುಗಾಡದೆ ಕೂರುವುದು, ನಿಮಿಷಕ್ಕೆ ಕೆಲವೇ ಅಕ್ಷರ. ಆನ್‌ಲೈನ್ ಬ್ಯಾಂಡ್‌ನಲ್ಲಿ ಅದೂ ಇಲ್ಲ. ಹಣೆಯ ಮೇಲಿನ ಒಂದೆರಡು ಬಿಂದು ಮಿದುಳಿಗಿಂತ ಜಾಸ್ತಿ ಹಿಡಿಯುವುದು ಹುಬ್ಬಿನ ಸ್ನಾಯುವನ್ನು.

ಒಂದು ಕುಟುಂಬ ನಲವತ್ತು ಸಾವಿರಕ್ಕೆ ಇಂಥ ಒಂದನ್ನು ತಂದು ನನ್ನ ಮೇಜಿನ ಮೇಲೆ ಇಟ್ಟಿತ್ತು. "ಅಮ್ಮ ಹೌದು ಅಂದಾಗ ಹಸಿರು ದೀಪ ಬರುತ್ತೆ ಸಾರ್" ಅಂದರು ಮಗ. ಅರ್ಧ ಗಂಟೆ ನೋಡಿದೆ. ಆಕೆ ಹುಬ್ಬು ಗಂಟಿಕ್ಕಿದಾಗ ಹಸಿರು ದೀಪ ಬರುತ್ತಿತ್ತು. ಹುಬ್ಬು ಆಡಿಸಲು ಬರುತ್ತದೆ ಅಂದಮೇಲೆ ಆ ದೀಪ ಯಾಕೆ? ಹುಬ್ಬನ್ನೇ ನೋಡಿದರೆ ಸಾಕಲ್ವಾ? ಪರಿಣತರೂ ಇಲ್ಲಿ ಎಡವಿದ್ದಾರೆ. ಕಣ್ಣೂ ಆಡಿಸಲಾಗದ ರೋಗಿಗಳು ಬೆಳಕಿನ ಸೆನ್ಸರ್ ಇರುವ ಟೋಪಿ ಹಾಕಿಕೊಂಡು ಹೌದು-ಇಲ್ಲ ಹೇಳಿದರು ಅಂತ 2017ರಲ್ಲಿ ಜರ್ಮನಿಯ ತಂಡವೊಂದು ಪ್ರಕಟಿಸಿತು. ಲೆಕ್ಕ ಸರಿಯಿಲ್ಲ ಅಂತ 2019ರಲ್ಲಿ ಆ ಪ್ರಬಂಧವನ್ನು ಪತ್ರಿಕೆ ಹಿಂತೆಗೆಯಿತು.

ಈಗ ನಿಮ್ಮ ತಂದೆಯ ಪ್ರಶ್ನೆ. ಅದಕ್ಕೆ ಕನ್ನಡ ಬರುತ್ತಾ?

ಬರುವುದಿಲ್ಲ. ಹ್ಯಾರೆಲ್ ಅವರ ಯಂತ್ರ ಮೊದಲು ಇಂಗ್ಲಿಷಿನ 39 ಧ್ವನಿಗಳಲ್ಲಿ ಯಾವುದು ಅಂತ ಊಹಿಸುತ್ತದೆ. ಆಮೇಲೆ ಆ ಧ್ವನಿಗಳ ಸಾಲನ್ನು ಪದಪಟ್ಟಿಯ ಜೊತೆ ಹೊಂದಿಸಿ "ಇವರು ಹೇಳಿದ್ದು ಇದೇ ಇರಬೇಕು" ಅನ್ನುತ್ತದೆ. ಮೊದಲ ಭಾಗ ಕನ್ನಡಕ್ಕೆ ಕಷ್ಟವಿಲ್ಲ. ನಮ್ಮ ಬರವಣಿಗೆಯೇ ಧ್ವನಿಯ ಹಿಂದೆ ನಡೆಯುವಂಥದ್ದು. ಳ, ಣ ಕಲಿಸಬೇಕು, ಬಳೆಗೂ ಬಾಳೆಗೂ, ಹಳಿಗೂ ಹಳ್ಳಿಗೂ ಇರುವ ವ್ಯತ್ಯಾಸ ಕಲಿಸಬೇಕು. ಆಗುವ ಕೆಲಸ. ತೊಡಕು ಇರುವುದು ಪದಪಟ್ಟಿಯಲ್ಲಿ. ಇಂಗ್ಲಿಷಿಗೆ 1,25,000 ಪದ ಅಂದರೆ ಹೆಚ್ಚುಕಡಿಮೆ ಎಲ್ಲ ಬಂತು. ನಮ್ಮಲ್ಲಿ "ಹೋಗು" ಒಂದರಿಂದಲೇ ಹೋಗಲಾ, ಹೋಗ್ಲೇಬೇಕಾ, ಹೋಗಬೇಕಾಗಿತ್ತಂತಲ್ಲ, ಹೋಗದಿದ್ದರೂ ಅಂತ ಹೊರಟರೆ ಮುಗಿಯುವುದಿಲ್ಲ. ಪಟ್ಟಿ ಇಟ್ಟುಕೊಂಡು ಕನ್ನಡ ಹಿಡಿಯುವುದು ಜರಡಿಯಲ್ಲಿ ನೀರು ಹಿಡಿದ ಹಾಗೆ. ಪದವನ್ನು ತುಂಡುಗಳಾಗಿ ನೋಡುವ ಬೇರೆ ಮಾದರಿ ಬೇಕು. ಅದಕ್ಕೆ ಮನೆಯಲ್ಲಿ ಆಡುವ ಕನ್ನಡದ ರಾಶಿ ರಾಶಿ ರೆಕಾರ್ಡಿಂಗ್ ಬೇಕು.

ಆಗುವುದೇ ಇಲ್ಲ ಅಂತ ಅಂದುಕೊಳ್ಳಬೇಡಿ. ಸ್ಯಾನ್ ಫ್ರಾನ್ಸಿಸ್ಕೋದ ತಂಡವೊಂದು 2024ರಲ್ಲಿ ಒಬ್ಬರೇ ವ್ಯಕ್ತಿಯ ಮಿದುಳಿನಿಂದ ಸ್ಪ್ಯಾನಿಷ್ ಮತ್ತು ಇಂಗ್ಲಿಷ್ ಎರಡನ್ನೂ ಹಿಡಿಯಿತು. ಅವರ ತಾಯ್ನುಡಿ ಸ್ಪ್ಯಾನಿಷ್. ಪಾರ್ಶ್ವವಾಯು ಹೊಡೆದ ಮೇಲೆ ಕಲಿತದ್ದು ಇಂಗ್ಲಿಷ್. ಎರಡು ಭಾಷೆಗೂ ಮಿದುಳಿನ ಮಿಡಿತ ಬಹಳಷ್ಟು ಒಂದೇ ಥರ ಇತ್ತು. ನಾಲಿಗೆ ತುಟಿಗಳ ಕುಣಿತ ಯಾವ ಭಾಷೆಯಾದರೂ ಅದೇ ತಾನೆ. ಇಲ್ಲಿ ಬೆಂಗಳೂರಿನಲ್ಲೂ ಕೆಲಸ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಎ. ಜಿ. ರಾಮಕೃಷ್ಣನ್ ಅವರ ತಂಡ ಕನ್ನಡ ಬರಹವನ್ನು ಓದಿ ಹೇಳುವ ತಂತ್ರಾಂಶ ಮಾಡಿದೆ. ಮನಸ್ಸಿನಲ್ಲಿ ಅಂದುಕೊಂಡ ಮಾತನ್ನು ಇಇಜಿಯಿಂದ ಗುರುತಿಸುವ ಪ್ರಯೋಗಗಳನ್ನೂ ಮಾಡಿದೆ. ಅಲ್ಲಿಯದೇ ಪ್ರಶಾಂತ ಕುಮಾರ್ ಘೋಷ್ ಅವರ ಪ್ರಯೋಗಾಲಯ ನಿಮ್ಹಾನ್ಸ್ ಜೊತೆ ಸೇರಿ ಎಎಲ್‌ಎಸ್ ಇರುವವರ ಮಾತನ್ನು ರೆಕಾರ್ಡ್ ಮಾಡಿ ಅಧ್ಯಯನ ಮಾಡುತ್ತಿದೆ. ಆದರೂ ನಿಮ್ಮ ತಂದೆಯ ಕಾಯಿಲೆಯ ಗಡಿಯಾರ ಬೇರೆ, ಪ್ರಯೋಗಾಲಯದ ಗಡಿಯಾರ ಬೇರೆ.

ಆದ್ದರಿಂದ ಈ ವಾರ ಮಾಡುವ ಕೆಲಸ ಹೇಳುತ್ತೇನೆ. ದನಿ ಹಿಡಿದಿಡಿ.

ಇದನ್ನು ಇಷ್ಟು ಗಟ್ಟಿಯಾಗಿ ಹೇಳಲು ಕಾರಣ ನನ್ನದೇ ಒಂದು ತಪ್ಪು. ಹಲವು ವರ್ಷಗಳ ಹಿಂದೆ ಒಬ್ಬ ಹೈಸ್ಕೂಲ್ ಮೇಷ್ಟ್ರು ಬಂದಿದ್ದರು, ಇದೇ ಕಾಯಿಲೆ. ಮಾತು ಇನ್ನೂ ಚೆನ್ನಾಗಿತ್ತು. ಈಗಲೇ ರೆಕಾರ್ಡ್ ಮಾಡಿ ಅಂದರೆ ಹೆದರಿಕೊಳ್ಳುತ್ತಾರೆ, ಮುಂದಿನ ಸಲ ಹೇಳೋಣ ಅಂತ ಸುಮ್ಮನಾದೆ. ಮುಂದಿನ ಸಲ ಬರುವಷ್ಟರಲ್ಲಿ ನಾಲ್ಕು ತಿಂಗಳು ಕಳೆದಿತ್ತು. "ಮಕ್ಕಳೇ" ಅನ್ನುವ ಪದ ಕೂಡ ಮೂಗಿನಲ್ಲಿ ಸೋರಿಹೋಗುತ್ತಿತ್ತು. ಅವರ ಹೆಂಡತಿ ಹಳೇ ಮದುವೆ ಕ್ಯಾಸೆಟ್‌ನಲ್ಲಿ ಏನಾದರೂ ಸಿಗುತ್ತಾ ಅಂತ ಹುಡುಕಿದರು. ವಾದ್ಯದವರ ಸದ್ದಷ್ಟೇ ಇತ್ತು.

ಬೆಳಿಗ್ಗೆ, ತಂದೆ ಸುಸ್ತಾಗುವ ಮುಂಚೆ, ಫ್ಯಾನ್ ಆಫ್ ಮಾಡಿ ಫೋನಿನಲ್ಲೇ ರೆಕಾರ್ಡ್ ಮಾಡಿ. ಫೋನ್ ಬಾಯಿಯಿಂದ ಒಂದು ಗೇಣು ದೂರ ಇರಲಿ. ಹತ್ತು ನಿಮಿಷ ಸಾಕು, ದಿನಾ. ಪತ್ರಿಕೆ ಓದಿಸಬೇಡಿ, ಎಲ್ಲರೂ ಪತ್ರಿಕೆ ಓದುವಾಗ ವಾರ್ತೆ ಓದುವವರ ದನಿ ಮಾಡುತ್ತಾರೆ. ಅವರೇ ಆಡುವ ಮಾತು ಬೇಕು. ನಾಯಿಯನ್ನು ಗದರುವುದು. ಅಮ್ಮನನ್ನು ಕರೆಯುವ ರೀತಿ, ಹೆಸರು ಹಿಡಿದೋ "ಏ ಇವಳೇ" ಅಂತಲೋ. "ಕಾಫಿಗೆ ಸಕ್ಕರೆ ಜಾಸ್ತಿ ಆಯ್ತು." ಮೊಮ್ಮಕ್ಕಳನ್ನು ಮುದ್ದು ಮಾಡುವುದು. ಒಂದೆರಡು ಬೈಗುಳ ಕೂಡ ಇರಲಿ, ನಾನು ತಮಾಷೆ ಮಾಡುತ್ತಿಲ್ಲ. ಜನ ಆಮೇಲೆ ಹುಡುಕುವುದು ಅದನ್ನೇ. ಬಾಸ್ಟನ್ ಮಕ್ಕಳ ಆಸ್ಪತ್ರೆಯ ಜಾನ್ ಕಾಸ್ಟೆಲೊ ಎಂಬ ಮಾತಿನ ತಜ್ಞರು ಇದನ್ನು ಮೆಸೇಜ್ ಬ್ಯಾಂಕಿಂಗ್ ಅನ್ನುತ್ತಾರೆ. ಈ ತುಣುಕುಗಳನ್ನು ಮುಂದೆ ಫೋನಿನ ಒಂದೊಂದು ಬಟನ್‌ಗೆ ಹಾಕಬಹುದು. ಕೃತಕ ದನಿ ಕಟ್ಟಲು ಈಗ ಮೊದಲಿನಷ್ಟು ಗಂಟೆಗಟ್ಟಲೆ ರೆಕಾರ್ಡಿಂಗ್ ಬೇಕಿಲ್ಲ. ಚೊಕ್ಕವಾದ ಸ್ವಲ್ಪ ಹೊತ್ತಿನದ್ದೂ ನಡೆಯುತ್ತದೆ. ಹಳೆಯ ವಾಟ್ಸಾಪ್ ವಾಯ್ಸ್ ಮೆಸೇಜ್‌ಗಳನ್ನೂ ಎಲ್ಲ ನೆಂಟರಿಂದ ಕೇಳಿ ತರಿಸಿ. ತೊದಲು ಬರುವ ಮೊದಲಿನ ದನಿ ಅಲ್ಲಿ ಇರುತ್ತದೆ.

ಮುಂದಿನದು ಅಕ್ಷರ ಹಲಗೆ. ಇದರ ಬಗ್ಗೆ ಸ್ವಲ್ಪ ಉದ್ದ ಹೇಳುತ್ತೇನೆ. ಯಾಕೆಂದರೆ ಇಂಗ್ಲಿಷಿನಲ್ಲಿ ಇದಕ್ಕೆ ಸಿದ್ಧ ಹಲಗೆಗಳು ಬೇಕಾದಷ್ಟು ಸಿಗುತ್ತವೆ. ಕನ್ನಡದ್ದನ್ನು ನೀವೇ ಮಾಡಿಕೊಳ್ಳುವುದು ಒಳ್ಳೆಯದು.

ಕೈಯೂ ಮಾತೂ ಹೋದ ಮೇಲೆ ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ಬಹಳ ಕಾಲ ಉಳಿಯುವುದು ಕಣ್ಣಿನ ಚಲನೆ. ಎದುರಿಗೆ ಕೂತವರು ಅಕ್ಷರಗಳನ್ನು ಹೇಳುತ್ತಾ ಹೋಗುತ್ತಾರೆ. ಬೇಕಾದದ್ದು ಬಂದಾಗ ರೋಗಿ ಕಣ್ಣಿನಲ್ಲಿ ಹೌದು ಅನ್ನುತ್ತಾರೆ. ಫ್ರಾನ್ಸಿನ ಒಬ್ಬ ಪತ್ರಿಕಾ ಸಂಪಾದಕರು 1990ರ ದಶಕದಲ್ಲಿ ಹೀಗೆಯೇ, ಎಡಗಣ್ಣಿನ ರೆಪ್ಪೆ ಒಂದರಿಂದ ಇಡೀ ಪುಸ್ತಕ ಬರೆಸಿದರು. ಫ್ರೆಂಚಿನಲ್ಲಿ ಜಾಸ್ತಿ ಬಳಕೆಯಾಗುವ ಅಕ್ಷರ ಮೊದಲು ಬರುವ ಹಾಗೆ ಅವರಿಗೆ ಪಟ್ಟಿ ಮಾಡಿದ್ದರು. ಕನ್ನಡದಲ್ಲಿ ನಾನು ಆ ದಾರಿ ಹಿಡಿಯುವುದಿಲ್ಲ. ನಮ್ಮ ವರ್ಣಮಾಲೆಯೇ ಹುಟ್ಟಿನಿಂದ ಸಾಲುಗಳಾಗಿ ಕೂತಿದೆ. ಕ ಸಾಲು, ಚ ಸಾಲು, ಟ ಸಾಲು, ತ ಸಾಲು, ಪ ಸಾಲು. 58 ವರ್ಷದ ಮನುಷ್ಯ ಒಂದನೇ ಕ್ಲಾಸಿನಲ್ಲಿ ರಾಗವಾಗಿ ಹೇಳಿದ್ದು ನಿದ್ದೆಯಲ್ಲೂ ನೆನಪಿರುತ್ತದೆ. ಯಾವ ಅಕ್ಷರ ಎಲ್ಲಿದೆ ಅಂತ ಹುಡುಕಬೇಕಾಗಿಯೇ ಇಲ್ಲ. "ಕ ಸಾಲಾ? ಚ ಸಾಲಾ? ಟ? ತ?" ಕಣ್ಣು ಮೇಲೆ ಹೋಯಿತು. "ತ? ದ? ನ?" ಮತ್ತೆ ಮೇಲೆ. ನ.

ಮಹಾಪ್ರಾಣಗಳನ್ನೆಲ್ಲ ತೆಗೆದುಹಾಕಿ. ಙ, ಞ, ಷ ಕೂಡ. 34 ವ್ಯಂಜನದಲ್ಲಿ 21 ಉಳಿಯುತ್ತವೆ. ಭತ್ತ ಬತ್ತ ಆಗುತ್ತದೆ, ಆಗಲಿ. ಮಾತಿನಲ್ಲಿ ನಾವು ಹಾಗೇ ಅಲ್ವಾ ಅನ್ನುವುದು. ಸ್ವರಗಳಲ್ಲಿ ಅ ಆ ಇ ಉ ಎ ಒ ಆರು ಸಾಕು, ಅದೂ ಪದದ ಶುರುವಿಗೆ ಮಾತ್ರ. ಕಾಗುಣಿತ, ಒತ್ತಕ್ಷರ ಬೇಡವೇ ಬೇಡ. ನ, ರ ಅಂತ ಎರಡು ಅಕ್ಷರ ಬಂದರೆ ನೀರು, ನಾರು, ನೂರು, ನರ ಯಾವುದೂ ಇರಬಹುದು. ಊಟದ ಹೊತ್ತಾದರೆ "ನೀರಾ?" ಅಂತ ಕೇಳಿ. ಅಡಿಕೆ ಲೆಕ್ಕದ ಮಧ್ಯೆ ಬಂದರೆ "ನೂರಾ?" ಅಂತ ಕೇಳಿ. ಮನೆಯವರು ಇದರಲ್ಲಿ ಎಷ್ಟು ಬೇಗ ಪಳಗುತ್ತಾರೆ ಅಂದರೆ ಮೂರನೇ ವಾರಕ್ಕೆ ಎರಡನೇ ಅಕ್ಷರಕ್ಕೇ ಪದ ಹೇಳಿಬಿಡುತ್ತಾರೆ. ಒಂದು ಎಚ್ಚರಿಕೆ: ತಪ್ಪು ಊಹೆ ಮಾಡಿ ಮುಂದೆ ಓಡಬೇಡಿ. "ಅಲ್ಲ" ಅಂದರೆ ನಿಲ್ಲಿಸಿ, ಹಿಂದಕ್ಕೆ ಬನ್ನಿ. ಅವರ ಮಾತನ್ನು ನಾವೇ ಮುಗಿಸಿಬಿಡುವ ಚಟ ನಮಗೆಲ್ಲ ಇದೆ.

ಹಲಗೆಯ ಇನ್ನೊಂದು ಬದಿಗೆ ಇಡೀ ಪದಗಳು ಇರಲಿ: ಕಫ, ತುರಿಕೆ, ಸೊಳ್ಳೆ, ದಿಂಬು, ಮಗ್ಗುಲು, ಬೆಡ್‌ಪ್ಯಾನ್, ಟಿವಿ, ಯಾರು ಬಂದಿದ್ರು, ಎಲ್ಲರೂ ಹೊರಗೆ ಹೋಗಿ. ಕೊನೆಯದನ್ನು ಮರೆಯಬೇಡಿ. ಮಲಗಿರುವವರಿಗೆ ಅದನ್ನು ಹೇಳುವ ಹಕ್ಕು ಬೇಕು.

ಯಂತ್ರಗಳ ಮಾತಿಗೆ ಬಂದರೆ, ಕೈ ಒಂದಿಷ್ಟು ಆಡುತ್ತಿರುವಾಗಲೇ ದೊಡ್ಡ ಬಟನ್‌ನ ವೈರ್‌ಲೆಸ್ ಕರೆಗಂಟೆ ತನ್ನಿ. ಕೆಲವೇ ನೂರು ರೂಪಾಯಿ. ರಾತ್ರಿ ಎರಡು ಗಂಟೆಗೆ ಕೂಗಲಾಗದವರಿಗೆ ಅದಕ್ಕಿಂತ ದೊಡ್ಡ ತಂತ್ರಜ್ಞಾನ ಇಲ್ಲ. ಆಂಡ್ರಾಯ್ಡ್ ಫೋನಿನಲ್ಲಿ ಗೂಗಲ್‌ನ ಕನ್ನಡ ದನಿ ಉಚಿತವಾಗಿಯೇ ಇದೆ. ಎಡಗೈ ಬೆರಳು ನಡೆಯುವವರೆಗೆ ಟೈಪ್ ಮಾಡಿ ಓದಿಸಬಹುದು. ವಾಟ್ಸಾಪ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವ ರೂಢಿ ಇದ್ದರೆ ಅದನ್ನೇ ಮುಂದುವರಿಸಲಿ, ಕಾಯಿಲೆಯ ನಡುವೆ ಹೊಸ ಕೀಬೋರ್ಡ್ ಕಲಿಸಬೇಡಿ. ಐಫೋನ್ 12 ಅಥವಾ ಆಮೇಲಿನದು ಮನೆಯಲ್ಲಿದ್ದರೆ ಅದರಲ್ಲಿ 2024ರಿಂದ ಕಣ್ಣಿನ ನೋಟದಿಂದ ಫೋನ್ ನಡೆಸುವ ಸೌಲಭ್ಯ ಬಂದಿದೆ. ಕರಾರುವಾಕ್ಕಾಗಿ ಇಲ್ಲ, ಆದರೆ ಅಭ್ಯಾಸಕ್ಕೆ ಸಾಕು. ಕಂಪ್ಯೂಟರ್‌ಗೆ ಜೋಡಿಸುವ ನೋಟದ ಕ್ಯಾಮೆರಾಗಳು ಇವೆ. ಮಾತಿಗೆಂದೇ ಮಾಡಿದ ಸೆಟ್‌ಗೆ ಲಕ್ಷಗಳಲ್ಲಿ ಬೆಲೆ. ಕೊಳ್ಳುವ ಮುಂಚೆ ಒಂದು ವಾರ ಬಾಡಿಗೆಗೋ ಕಡಕ್ಕೋ ತಂದು ನೋಡಿ. ಕನ್ನಡಕ, ಕಿಟಕಿಯ ಬಿಸಿಲು, ಕೂರುವ ಓರೆ, ಇಷ್ಟರಿಂದಲೇ ಅದು ಕೈಕೊಡುತ್ತದೆ.

ಇದೇ ಕಾಯಿಲೆ ಇದ್ದ ವಿಜ್ಞಾನಿ ಸ್ಟೀಫನ್ ಹಾಕಿಂಗ್ ಹೆಸರು ನಿಮ್ಮ ತಂದೆಗೆ ಗೊತ್ತಿರಬಹುದು. ಅವರು ಜಗತ್ತಿನ ಯಾವ ಯಂತ್ರ ಬೇಕಾದರೂ ತರಿಸಿಕೊಳ್ಳಬಲ್ಲವರಾಗಿದ್ದರು. ಕೊನೆಯ ವರ್ಷಗಳಲ್ಲಿ ಬಳಸಿದ್ದು ಕನ್ನಡಕಕ್ಕೆ ಸಿಕ್ಕಿಸಿದ ಒಂದು ಸಣ್ಣ ಸೆನ್ಸರ್. ಕೆನ್ನೆಯ ಸ್ನಾಯು ಅಲುಗಿದರೆ ಅದು ಕ್ಲಿಕ್ ಅಂತ ತಿಳಿಯುತ್ತಿತ್ತು. ವೇಗ ನಿಮಿಷಕ್ಕೆ ಸುಮಾರು ಒಂದು ಪದ. ಅವರಿಗಾಗಿ ಇಂಟೆಲ್ ಮಾಡಿದ ಸಾಫ್ಟ್‌ವೇರನ್ನು 2015ರಲ್ಲಿ ಎಲ್ಲರಿಗೂ ಉಚಿತವಾಗಿ ಬಿಟ್ಟರು.

ನಿಮ್ಹಾನ್ಸ್‌ನಲ್ಲಿ ನರ-ಸ್ನಾಯು ಕಾಯಿಲೆಗಳನ್ನು ನೋಡುವ ವೈದ್ಯರೂ ಇದ್ದಾರೆ, ಮಾತಿನ ವಿಭಾಗವೂ ಇದೆ. ಮೈಸೂರಿನಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ನುಂಗುವುದನ್ನು, ಉಸಿರಾಟವನ್ನು ಕೂಡಲೇ ತೋರಿಸಿ. ಮಾತಿಗಿಂತ ಮೊದಲು ನೋಡಬೇಕಾದ್ದು ಅದು. ಸೈಟ್ ದುಡ್ಡು ಯಾವತ್ತಾದರೂ ಬೇಕಾದರೆ ಉಸಿರಾಟಕ್ಕೆ ನೆರವಾಗುವ ಬೈಪ್ಯಾಪ್ ಯಂತ್ರಕ್ಕೆ, ರಾತ್ರಿ ನೋಡಿಕೊಳ್ಳುವವರಿಗೆ ಬೇಕಾಗುತ್ತದೆ. ಅಂಗವೈಕಲ್ಯದ ಯುಡಿಐಡಿ ಕಾರ್ಡಿಗೂ ಅರ್ಜಿ ಹಾಕಿ, ಓಡಾಡಲು ಆಗುತ್ತಿರುವಾಗಲೇ.

ಇನ್ನೊಂದು ವಿಷಯ ಬಿಟ್ಟುಹೋಯಿತು. "ಹೌದು" ಅನ್ನುವುದಕ್ಕೆ ಗುರುತು ಇವತ್ತೇ ನಿಶ್ಚಯ ಮಾಡಿಕೊಳ್ಳಿ, ಮಾತು ಇರುವಾಗಲೇ. ರೆಪ್ಪೆ ಬಡಿಯುವುದು ಬೇಡ, ಅದು ತಾನಾಗಿಯೇ ಬಡಿಯುತ್ತಿರುತ್ತದೆ. ಕಣ್ಣು ಮೇಲೆತ್ತಿದರೆ ಹೌದು, ಕೆಳಗಿಳಿಸಿದರೆ ಇಲ್ಲ. ಇದನ್ನು ದಪ್ಪ ಅಕ್ಷರದಲ್ಲಿ ಬರೆದು ಮಂಚದ ತಲೆಕಡೆ ಗೋಡೆಗೆ ಅಂಟಿಸಿ. ಆಸ್ಪತ್ರೆಗೆ ಹೋದಾಗ ಅದೇ ಚೀಟಿಯನ್ನು ಜೊತೆಗೆ ಒಯ್ದು ಅಲ್ಲೂ ಅಂಟಿಸಿ, ರಾತ್ರಿ ಪಾಳಿಯ ನರ್ಸ್‌ಗೆ ಓದಿ ಹೇಳಿ. ಜರ್ಮನಿಯಲ್ಲಿ ಇದೇ ಕಾಯಿಲೆಯ ಒಬ್ಬರು ಕಣ್ಣು ಕೂಡ ನಿಂತುಹೋದ ಮೇಲೆ ಚಿಪ್‌ನ ಸಹಾಯದಿಂದ ನಿಮಿಷಕ್ಕೆ ಸುಮಾರು ಒಂದು ಅಕ್ಷರದಂತೆ ಹೇಳಿದ್ದು 2022ರಲ್ಲಿ ಪ್ರಕಟವಾಯಿತು. ಅವರು ಕೇಳಿದ್ದು ಸೂಪು, ಬಿಯರು. ಮಗನ ಮೇಲಿನ ಪ್ರೀತಿಯನ್ನೂ ಹೇಳಿದರು. ನಿಮ್ಮ ತಂದೆಗೆ ಈಗ ದನಿ ಇದೆ, ಒಂದು ಕೈ ಇದೆ, ಎರಡು ಕಣ್ಣಿವೆ. ಹಲಗೆಯನ್ನು ಮೊದಲ ಸಲ ಹಿಡಿದಾಗ ಬಾಯಿ ಮುಚ್ಚಿಕೊಂಡು ಕಣ್ಣಿನಲ್ಲೇ ಅಮ್ಮನಿಗೆ ಏನಾದರೂ ತಮಾಷೆ ಹೇಳಲಿ. ಅಮ್ಮ ಊಹೆ ಮಾಡಲಿ. ತಪ್ಪಾದರೆ ಅವರೇ ಬಾಯಿಬಿಟ್ಟು ಸರಿಮಾಡುತ್ತಾರೆ. ಆ ಹೊತ್ತಿನಲ್ಲಿ ಫೋನಿನ ರೆಕಾರ್ಡರ್ ಆನ್ ಇರಲಿ.